ವಿಕಟಕವಿಗೆ ಎಷ್ಟು ಅಕ್ಷರ?

ಅಂದು ಶನಿವಾರ, ಬೆಳಗಿನ ಶಾಲೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕಂಪ್ಯೂಟರ್ ಕೋಣೆಗೆ ಕರೆದೊಯ್ದಿದ್ದೆ. ಕೋಣೆ ಎಂದರೆ ದೊಡ್ಡದೇನನ್ನೂ ಊಹಿಸಿಕೊಳ್ಳಬೇಡಿ. ಮೊದಲು ನಕಾಶೆ, ಗ್ಲೋಬು, ಕಾಲು ಮುರಿದ ಬೆಂಚುಗಳನ್ನು ತುಂಬಿಡುತ್ತಿದ್ದ ಜಾಗ ಅದು. ಈಗ ಅಲ್ಲಿ ಆರು ಕಂಪ್ಯೂಟರುಗಳಿವೆ. ಆರರಲ್ಲಿ ಮೂರು ನಡೆಯುತ್ತವೆ. ಅವೂ ಕರೆಂಟು ಇದ್ದಾಗ ಮಾತ್ರ. ನಾನು ಬಿ.ಎಸ್ಸಿ., ಬಿ.ಇಡಿ. ಮಾಡಿದ ವಿಜ್ಞಾನದ ಮಾಸ್ತರ. ಕಾಲೇಜಿನಲ್ಲಿ ಓದುವಾಗ ಕಂಪ್ಯೂಟರನ್ನು ಕಣ್ಣಿನಿಂದ ನೋಡಿದವನಲ್ಲ. ಐವತ್ತು ದಾಟಿದ ಮೇಲೆ, ಮಕ್ಕಳಿಗೆ ಇದನ್ನೂ ಕಲಿಸಬೇಕೆಂಬ ಹಟದಿಂದ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮಗಳನ್ನು ಫೋನಿನಲ್ಲಿ ಕಾಡಿ ಬೇಡಿ ‘ಪೈಥಾನ್’ ಎಂಬ ಗಣಕ ಭಾಷೆಯಲ್ಲಿ ನಾಲ್ಕು ಸಾಲು ಬರೆಯುವುದನ್ನು ಕಲಿತಿದ್ದೇನೆ. ಹೆಸರು ಕೇಳಿದ ಕೂಡಲೇ ‘ಹಾವೇನ್ರಿ ಸರ್?’ ಎಂದು ಹುಡುಗರು ನಕ್ಕಿದ್ದೂ ಆಗಿದೆ.

ಅಂದಿನ ಪಾಠ ಬಹಳ ಸುಲಭದ್ದು. ಗಣಕದ ಭಾಷೆಯಲ್ಲಿ ಪದಕ್ಕೆ ‘ಸ್ಟ್ರಿಂಗ್’ ಎನ್ನುತ್ತಾರೆ, ಅಂದರೆ ದಾರ. ಮಲ್ಲಿಗೆಯನ್ನು ಪೋಣಿಸಿದ ಹಾಗೆ ಅಕ್ಷರಗಳನ್ನು ಪೋಣಿಸಿದ ಸರ ಎಂದು ನಾನು ಮಕ್ಕಳಿಗೆ ಹೇಳಿದ್ದೆ. ಆ ಸರವನ್ನು ಹಿಂದುಮುಂದಾಗಿ ತಿರುಗಿಸುವುದು, ತಿರುಗಿಸಿದಾಗಲೂ ಮೊದಲಿನ ಪದವೇ ಬಂದರೆ ‘ಹೌದು’ ಎನ್ನುವುದು, ಬಾರದಿದ್ದರೆ ‘ಅಲ್ಲ’ ಎನ್ನುವುದು. ಇಷ್ಟೇ. ಪ್ರೋಗ್ರಾಮಿಂಗ್ ಕಲಿಯುವ ಪ್ರತಿಯೊಬ್ಬರೂ ಮೊದಲ ದಿನಗಳಲ್ಲೇ ಬಿಡಿಸುವ ಲೆಕ್ಕವಿದು. ನಮ್ಮ ಪ್ರೋಗ್ರಾಂ ನಾಲ್ಕೇ ಸಾಲಿನಲ್ಲಿ ಮುಗಿಯಿತು. ಇಂಗ್ಲಿಷಿನಲ್ಲಿ ‘ಮೇಡಮ್’ ಎಂದು ಹಾಕಿದೆವು: ಎಂ, ಎ, ಡಿ, ಎ, ಎಂ. ‘ಹೌದು’ ಎಂದು ಬಂತು. ‘ಲೆವೆಲ್’ ಹಾಕಿದೆವು, ‘ಹೌದು’. ನಮ್ಮ ನೆರೆಯ ಭಾಷೆ ‘ಮಲಯಾಳಂ’ ಹೆಸರನ್ನು ಇಂಗ್ಲಿಷಿನ ಒಂಬತ್ತು ಅಕ್ಷರಗಳಲ್ಲಿ ಹಾಕಿದೆವು, ಅದೂ ‘ಹೌದು’. ಮಕ್ಕಳು ಚಪ್ಪಾಳೆ ತಟ್ಟಿದರು. ಐವತ್ತು ದಾಟಿದ ಮಾಸ್ತರನಿಗೆ ಅದಕ್ಕಿಂತ ಇನ್ನೇನು ಬೇಕು?

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹೆಚ್ಚು ಮಾತಾಡುವವಳಲ್ಲ.

‘ಸರ್, ವಿಕಟಕವಿ ಹಾಕಿ ನೋಡ್ರಿ.’

ಎಲ್ಲರಿಗೂ ಸಂತೋಷವಾಯಿತು. ವಿಕಟಕವಿ ಎಂದರೆ ತೆನಾಲಿ ರಾಮಕೃಷ್ಣ ಎಂಬುದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದ ಮಾತಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ನಿಂತರೆ ತುಂಗಭದ್ರೆಯ ಆಚೆ ದಂಡೆಗೆ ಕೃಷ್ಣದೇವರಾಯನ ಹಂಪಿ. ಹಿಂದಿನಿಂದ ಓದಿದರೂ ವಿಕಟಕವಿ, ಮುಂದಿನಿಂದ ಓದಿದರೂ ವಿಕಟಕವಿ ಎಂಬ ಚಮತ್ಕಾರವನ್ನು ಅಜ್ಜಿಯಂದಿರೇ ಹೇಳಿಕೊಟ್ಟಿರುತ್ತಾರೆ. ಕನ್ನಡ ಕೀಲಿಮಣೆಯಲ್ಲಿ ಪದವನ್ನು ಒತ್ತಿದೆ. ಪರದೆಯ ಮೇಲೆ ಉತ್ತರ ಬಂತು: ‘ಅಲ್ಲ’.

ಇನ್ನೊಮ್ಮೆ ಒತ್ತಿದೆ. ‘ಅಲ್ಲ’.

‘ಹೌದೈತ್ರಿ ಸರ್,’ ಎಂದಳು ಹುಡುಗಿ. ‘ವಿ, ಕ, ಟ, ಕ, ವಿ. ಐದ ಅಕ್ಷರ. ನಡುವ ಟ.’

ಗಂಟೆ ಹೊಡೆಯಲು ಐದು ನಿಮಿಷವಿತ್ತು. ಹೊರಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಚಪ್ಪಾಳೆಯ ಸುಖ ಇನ್ನೂ ಕಿವಿಯಲ್ಲಿತ್ತು. ನಾನು ಆಡಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ: ‘ಮಷಿನ್ ಸುಳ್ಳು ಹೇಳೂದಿಲ್ಲವ್ವಾ. ನಿನ್ನ ಲೆಕ್ಕದಾಗ ಏನೋ ತಪ್ಪೈತಿ. ಕುಂದ್ರು.’

ನಾಲ್ಕಾರು ಮಕ್ಕಳು ನಕ್ಕರು. ಹುಡುಗಿ ಕುಳಿತಳು. ನೋಟುಬುಕ್ಕಿನಲ್ಲಿ ಐದು ಚೌಕ ಬರೆದು, ಒಂದೊಂದರಲ್ಲಿ ಒಂದೊಂದು ಅಕ್ಷರ ತುಂಬುತ್ತಿದ್ದುದನ್ನು ನಾನು ನೋಡಿದೆ. ನೋಡಿಯೂ ಕಂಪ್ಯೂಟರ್ ಬಂದ್ ಮಾಡಿ ಹೊರಗೆ ಬಂದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಆದರೂ ಸುಖವೆನಿಸಲಿಲ್ಲ. ಬೆರಳು ಮಡಚಿ ಎಣಿಸಿದೆ. ವಿ, ಕ, ಟ, ಕ, ವಿ. ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಅದು ನನಗೆ ತರಗತಿಯಲ್ಲಿಯೂ ಗೊತ್ತಿತ್ತಲ್ಲವೇ?

ನಾನು ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಈಗ ಕೊಪ್ಪಳ, ಹೀಗೆ ನಾಲ್ಕೂ ತಾಲ್ಲೂಕಿನ ನೀರು ಕುಡಿದವನು. ನೌಕರಿಗೆ ಸೇರಿದ ಹೊಸದರಲ್ಲಿ ಯಲಬುರ್ಗಾ ಕಡೆಯ ಶಾಲೆಯಲ್ಲಿ ನಡೆದದ್ದೊಂದು ನೆನಪಾಯಿತು. ನೀರು ಕುದಿಯುವ ಉಷ್ಣತೆ ಎಷ್ಟೆಂದು ಮಕ್ಕಳಿಂದಲೇ ಅಳೆಸಿದ್ದೆ. ಎಲ್ಲರೂ ಪುಸ್ತಕ ನೋಡಿ 100 ಡಿಗ್ರಿ ಎಂದು ಬರೆದರು. ಒಬ್ಬ ಹುಡುಗ ಮಾತ್ರ 98 ಎಂದು ಬರೆದ. ‘ನನಗ ಕಂಡದ್ದು ಅಷ್ಟರಿ’ ಎಂದ. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಅರ್ಧ ಕಿಲೋಮೀಟರಿಗೂ ಎತ್ತರದಲ್ಲಿದೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಅವನದೇ ಸರಿ. ಅವನನ್ನು ಎಲ್ಲರ ಮುಂದೆ ನಿಲ್ಲಿಸಿ, ಪುಸ್ತಕ ಹೇಳಿದ್ದನ್ನಲ್ಲ, ಕಣ್ಣಿಗೆ ಕಂಡದ್ದನ್ನು ಬರೆಯುವುದೇ ವಿಜ್ಞಾನ ಎಂದು ಹೊಗಳಿದ್ದೆ. ಆ ಕಥೆಯನ್ನು ಆಮೇಲೆ ಎಷ್ಟು ವರ್ಷ ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಅದೇ ಮಾಸ್ತರ ಇವತ್ತು ಕಣ್ಣಿಗೆ ಕಂಡದ್ದನ್ನು ಹೇಳಿದ ಹುಡುಗಿಯನ್ನು ‘ಕುಂದ್ರು’ ಎಂದಿದ್ದ.

ರಾತ್ರಿ ಮಗಳಿಗೆ ಫೋನು ಮಾಡಿದೆ. ಮೊದಲು ಅವಳು ನಕ್ಕಳು. ‘ಅಪ್ಪಾ, ಅದು ಮೊದಲನೇ ವಾರದ ಲೆಕ್ಕ. ಅದರಾಗ ತಪ್ಪಾಗಾಕ ಏನೈತಿ? ನೀವು ಟೈಪ್ ಮಾಡೂದ್ರಾಗ ತಪ್ಪಿರಬೇಕು.’ ತನ್ನ ಕಂಪ್ಯೂಟರಿನಲ್ಲಿ ತಾನೇ ಒತ್ತಿ ನೋಡಿದಳು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

‘ಅಪ್ಪಾ... ಈ ಲೆಕ್ಕಾನ ನೂರು ಸಲ ಬಿಡಿಸೀನಿ. ಒಂದ ಸಲಾನೂ ಕನ್ನಡ ಹಾಕಿ ನೋಡೇ ಇಲ್ಲ ನೋಡ್ರಿ.’

ಆಮೇಲೆ ಒಂದು ಉಪಾಯ ಹೇಳಿದಳು. ಕಂಪ್ಯೂಟರಿನ ಹೊಟ್ಟೆಯಲ್ಲಿ ಅಕ್ಷರಗಳಿರುವುದಿಲ್ಲ, ಬರೀ ಸಂಖ್ಯೆಗಳಿರುತ್ತವೆ. ಆ ಸಂಖ್ಯೆಗಳನ್ನೇ ಒಂದೊಂದಾಗಿ ಹೊರಗೆ ಹಾಕಿಸಿ ನೋಡಿರಿ ಎಂದಳು. ಅವಳು ಓದಿ ಹೇಳಿದ್ದನ್ನು ಹಳೆಯ ಲಗ್ನಪತ್ರಿಕೆಯ ಹಿಂಬದಿಗೆ ಬರೆದುಕೊಂಡೆ:

3253, 3263, 3221, 3231, 3221, 3253, 3263.

ಐದಲ್ಲ, ಏಳು! ಆ ಏಳನ್ನು ನೋಡುತ್ತ ಕುಳಿತವನಿಗೆ ಗುಟ್ಟು ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. 3221 ಎಂದರೆ ಕ, 3231 ಎಂದರೆ ಟ, 3253 ಎಂದರೆ ವ. ಹಾಗಾದರೆ 3263? ಅದು ಗುಡಿಸು. ನಾವು ಒಂದನೆಯ ತರಗತಿಯಲ್ಲಿ ಕಾಗುಣಿತ ಕಲಿಯುವಾಗ ತಲೆಯ ಮೇಲೆ ಹಾಕುತ್ತಿದ್ದೆವಲ್ಲ, ಅದೇ ಗುಡಿಸು. ನಮ್ಮ ಕಣ್ಣಿಗೆ ‘ವಿ’ ಒಂದೇ ಅಕ್ಷರ. ಗಣಕಕ್ಕೆ ಅದು ವ ಒಂದು, ಗುಡಿಸು ಒಂದು, ಒಟ್ಟು ಎರಡು. ಏಳನ್ನೂ ತಿರುಗಿಸಿದರೆ 3263 ಮೊದಲಿಗೆ ಬಂದು ಕೂಡುತ್ತದೆ. ಅಂದರೆ ಪದವೇ ಗುಡಿಸಿನಿಂದ ಆರಂಭ. ಗುಡಿಸು ಕೂಡಲು ಹಿಂದೆ ಅಕ್ಷರವಿಲ್ಲ. ಪಾಪ, ಪರದೆಯ ಮೇಲೆ ಚುಕ್ಕಿಗಳಿಂದ ಮಾಡಿದ ಒಂದು ಖಾಲಿ ವೃತ್ತ ಮೂಡಿ, ಅದರ ತಲೆಯ ಮೇಲೆ ಗುಡಿಸು ಕುಳಿತಿರುತ್ತದೆ. ಅದರ ಹಿಂದೆ ‘ವಕಟಕಿವ’ ಎಂಬ ಯಾರೂ ಕೇಳದ ಪದ. ಇದು ವಿಕಟಕವಿ ಅಲ್ಲ ಎಂದು ಗಣಕ ಹೇಳಿದರೆ ಅದರ ತಪ್ಪೇನು?

ಭಾನುವಾರವಿಡೀ ನಾನು ಊರುಗಳ ಹೆಸರು ತಿರುಗಿಸುತ್ತ ಕುಳಿತೆ. ಮನೆಯಾಕೆ ಎರಡು ಸಲ ಚಹಾ ತಂದಿಟ್ಟು ಹೋದಳು. ಕೊಪ್ಪಳ ನಮಗೆ ಮೂರಕ್ಷರ, ಗಣಕಕ್ಕೆ 6: ಕ, ಓತ್ವದ ಗುರುತು, ಪ, ಹಲಂತದ ಗುರುತು, ಪ, ಳ. ತಿರುಗಿಸಿದರೆ ‘ಳಪ್ಪೊಕ’. ಗಂಗಾವತಿ ನಮಗೆ ನಾಲ್ಕು, ಗಣಕಕ್ಕೆ 7. ಕುಷ್ಟಗಿ ನಮಗೆ ಮೂರು, ಅದಕ್ಕೆ 7. ಯಲಬುರ್ಗಾ ನಮಗೆ ನಾಲ್ಕು, ಅದಕ್ಕೆ 8. ಯಲಬುರ್ಗಾದಲ್ಲಿ ಇನ್ನೊಂದು ತಮಾಷೆಯಿದೆ. ಬರೆಯುವಾಗ ನಾವು ಗಾ ಬರೆದು ಆಮೇಲೆ ಅದರ ಪಕ್ಕದಲ್ಲಿ ಅರ್ಕಾವತ್ತು ಹಾಕುತ್ತೇವೆ. ಗಣಕ ಮಾತ್ರ ಬಾಯಿಯ ಕ್ರಮ ಹಿಡಿಯುತ್ತದೆ: ಮೊದಲು ರ, ಆಮೇಲೆ ಹಲಂತ, ಆಮೇಲೆ ಗ, ಕೊನೆಗೆ ದೀರ್ಘ. ಕೈ ಬರೆಯುವುದೊಂದು ಕ್ರಮ, ಬಾಯಿ ನುಡಿಯುವುದೊಂದು ಕ್ರಮ ಎಂಬುದು ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ.

ಆಮೇಲೆ ಕಂಡದ್ದು ಇನ್ನೂ ವಿಚಿತ್ರ. ಪಕ್ಕದ ‘ಗದಗ’ ಹಾಕಿದೆ, ‘ಹೌದು’ ಎಂದಿತು. ‘ಕನಕ’, ‘ನಯನ’ ಎಲ್ಲಕ್ಕೂ ‘ಹೌದು’. ಅವುಗಳಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ‘ಕಿಟಕಿ’ ಹಾಕಿದೆ, ‘ಅಲ್ಲ’. ಗದಗಕ್ಕೆ ಸಿಕ್ಕ ನ್ಯಾಯ ಕಿಟಕಿಗೆ ಸಿಗಲಿಲ್ಲ. ‘ಸಮೋಸ’ ತಿರುಗಿ ‘ಸೋಮಸ’ ಆಯಿತು. ಕೊನೆಗೆ ಸುಮ್ಮನೆ ‘ತಾತ’ ಎಂದು ಹಾಕಿದೆ. ‘ಹೌದು’ ಎಂದು ಬಂತು! ತ, ದೀರ್ಘ, ತ. ತಿರುಗಿಸಿದರೂ ತ, ದೀರ್ಘ, ತ. ಆದರೆ ತಾತನನ್ನು ಹಿಂದಿನಿಂದ ಓದಿದರೆ ‘ತತಾ’ ಆಗಬೇಕಲ್ಲವೇ? ಹೌದಾದದ್ದನ್ನು ಅಲ್ಲವೆನ್ನುವುದು ಒಂದು ತಪ್ಪು, ಅಲ್ಲದ್ದನ್ನು ಹೌದೆನ್ನುವುದು ಇನ್ನೊಂದು ತಪ್ಪು. ನನ್ನ ನಾಲ್ಕು ಸಾಲು ಎರಡನ್ನೂ ಮಾಡುತ್ತಿತ್ತು. ಇಂಗ್ಲಿಷ್ ಪದಗಳನ್ನಷ್ಟೇ ಕೇಳಿದ್ದರಿಂದ ಎರಡೂ ಕಂಡಿರಲಿಲ್ಲ.

ಇದನ್ನು ಯಂತ್ರದ ದಡ್ಡತನ ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಯೋಚಿಸಿದಷ್ಟೂ ಅದರ ಹಿಂದೆ ಜಾಣತನ ಕಂಡಿತು. ನಮ್ಮ ವರ್ಣಮಾಲೆಯಲ್ಲಿ 34 ವ್ಯಂಜನಗಳು. ಎರಡೆರಡು ವ್ಯಂಜನ ಸೇರಿದ ಒತ್ತಕ್ಷರಗಳೇ 34 ಗುಣಿಸು 34, ಅಂದರೆ 1156 ಆಗಬಹುದು. ಅವಕ್ಕೆ 13 ಸ್ವರಗಳ ಗುಣಿತ ಹಾಕಿದರೆ 15,028. ಒಂದೊಂದಕ್ಕೆ ಒಂದೊಂದು ಸಂಖ್ಯೆ ಕೊಡುತ್ತ ಹೋದರೆ ಮುಗಿಯುವ ಮಾತಲ್ಲ. ಹಾಗಾಗಿ ಜಾಣರು ಗೋಡೆಗಳಿಗೆ ಸಂಖ್ಯೆ ಕೊಡಲಿಲ್ಲ, ಇಟ್ಟಿಗೆಗಳಿಗೆ ಕೊಟ್ಟರು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ‘ಇಸ್ಕಿ’ ಎಂಬ ಸಂಕೇತಪಟ್ಟಿಯನ್ನು ಮಾನಕವಾಗಿ ಹೊರಡಿಸಿತು. ಅದೇ ವರ್ಷ ಲೋಕದ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಇರಲೆಂದು ‘ಯೂನಿಕೋಡ್’ ಹುಟ್ಟಿತು. ಅದು ಭಾರತದ ಲಿಪಿಗಳನ್ನು ಜೋಡಿಸುವಾಗ ಇಸ್ಕಿಯ ಹಿಂದಿನ, 1988ರ ಆವೃತ್ತಿಯ ದಾರಿಯನ್ನೇ ಹಿಡಿಯಿತು. ಕನ್ನಡಕ್ಕೆ ಅದರಲ್ಲಿ 128 ಮನೆಗಳು. ಅಷ್ಟರಲ್ಲಿ ನಮ್ಮ ಇಡೀ ಸಾಹಿತ್ಯ ಹಿಡಿಸುತ್ತದೆ.

ವಯಸ್ಸಾದವರಿಗೆ ಇದಕ್ಕಿಂತ ಮೊದಲಿನ ಕಾಲ ನೆನಪಿರಬಹುದು. ಆಗಿನ ಕನ್ನಡ ಫಾಂಟುಗಳಲ್ಲಿ ಅಕ್ಷರದ ಚಿತ್ರದ ತುಣುಕುಗಳಿಗೆ ಸಂಖ್ಯೆ ಇರುತ್ತಿತ್ತು. ಗಂಗಾವತಿಯಲ್ಲಿ ನೌಕರಿ ಮಾಡುವಾಗ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಪೇಟೆಯ ಅಂಗಡಿಯಲ್ಲಿ ಟೈಪ್ ಮಾಡಿಸಿ ತಂದಿದ್ದೆ. ಶಾಲೆಯ ಕಂಪ್ಯೂಟರಿನಲ್ಲಿ ಆ ಫಾಂಟು ಇರಲಿಲ್ಲ. ತೆರೆದು ನೋಡಿದರೆ ಕನ್ನಡದ ಬದಲು ಕೊಂಬು ಕೋಡು ಬಂದ ಇಂಗ್ಲಿಷ್ ಅಕ್ಷರಗಳ ಸಂತೆ! ಈಗ ಆ ಕಷ್ಟವಿಲ್ಲ. ಕೊಪ್ಪಳದಲ್ಲಿ ಒತ್ತಿದ ಕನ್ನಡ ಕೆನಡಾದಲ್ಲಿಯೂ ಕನ್ನಡವೇ. ಇಟ್ಟಿಗೆಯ ಪದ್ಧತಿ ಕೊಟ್ಟ ವರ ಇದು.

ಹಾಗಾದರೆ ತಪ್ಪು ಯಾರದು? ಸೋಮವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಮ್ಮ ಕನ್ನಡ ಪಂಡಿತರ ಮುಂದೆ ಕಷ್ಟ ಹೇಳಿಕೊಂಡೆ. ಅವರು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು.

‘ಏನ್ರಿ ಸೈನ್ಸ್ ಮಾಸ್ತರ್ರ, ಈ ಚಮತ್ಕಾರಕ್ಕ ನಮ್ಮ ಅಲಂಕಾರಶಾಸ್ತ್ರದಾಗ ಗತಪ್ರತ್ಯಾಗತ ಅಂತ ಹೆಸರೈತಿ. ಹೋದದ್ದು ತಿರುಗಿ ಬರೂದು. ಅಕ್ಷರ ತಿರುಗಿ ಬರಬೇಕು, ಗುಡಿಸು ಅಲ್ಲ. ನೀವು ಮಷಿನ್ನಿಗೆ ಅಕ್ಷರ ಅಂದ್ರ ಏನು ಅಂತ ಹೇಳೀರೇನು?’

ಹೇಳಿರಲಿಲ್ಲ. ಹೇಳಬೇಕೆಂಬುದೇ ಹೊಳೆದಿರಲಿಲ್ಲ. ನಾನು ವಿಜ್ಞಾನದ ಮಾಸ್ತರ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮೊದಲ ಪಾಠವೇ ಅಳತೆ ಮತ್ತು ಏಕಮಾನ. ‘ಐದು’ ಎಂದು ಬರೆದ ಉತ್ತರಕ್ಕೆ ಅಂಕ ಕೊಡುವುದಿಲ್ಲ. ಐದು ಏನು, ಮೀಟರೋ ಕಿಲೋಗ್ರಾಮೋ ಎಂದು ಕೆಂಪು ಶಾಯಿಯಲ್ಲಿ ಕೇಳುತ್ತೇನೆ. ವಿಕಟಕವಿಯ ಉದ್ದ ಏಳು ಎಂದು ಗಣಕ ಹೇಳಿದಾಗ ‘ಏಳು ಏನು?’ ಎಂದು ನಾನು ಕೇಳಲಿಲ್ಲ. ಹುಡುಗಿ ಐದು ಎಂದಾಗಲೂ ಕೇಳಲಿಲ್ಲ. ನಮ್ಮ ವಿಜ್ಞಾನದ ಮಾತಿನಲ್ಲೇ ಹೇಳುವುದಾದರೆ, ನೀರಿನ ಮೂರು ಅಣುಗಳಲ್ಲಿ ಒಂಬತ್ತು ಪರಮಾಣುಗಳಿರುತ್ತವೆ. ಮೂರು ಎಂದವನೂ ಸರಿ, ಒಂಬತ್ತು ಎಂದವನೂ ಸರಿ. ‘ವಿ’ ಎಂಬುದು ಅಣು. ವ ಮತ್ತು ಗುಡಿಸು ಅದರ ಪರಮಾಣುಗಳು. ಗಣಕ ಪರಮಾಣು ಎಣಿಸುತ್ತಿತ್ತು, ಹುಡುಗಿ ಅಣು ಎಣಿಸುತ್ತಿದ್ದಳು. ನಡುವೆ ನಿಂತು ಇಬ್ಬರಿಗೂ ಮಾತು ತಿಳಿಸಬೇಕಾದವನು ಒಬ್ಬರ ಕಡೆ ಸೇರಿಕೊಂಡಿದ್ದ.

ಪಂಡಿತರೂ ನಾನೂ ಕೂಡಿ ಹಾಳೆಯ ಮೇಲೆ ಕನ್ನಡದಲ್ಲೇ ನಿಯಮ ಬರೆದೆವು. ಪದವನ್ನು ಮೊದಲಿನಿಂದ ಒಂದೊಂದೇ ಗುರುತಾಗಿ ಓದುತ್ತ ಹೋಗಬೇಕು. ಬಂದದ್ದು ಗುಣಿತದ ಚಿಹ್ನೆಯೋ, ಸೊನ್ನೆಯೋ, ವಿಸರ್ಗವೋ, ಹಲಂತದ ಗುರುತೋ ಆಗಿದ್ದರೆ ಅದನ್ನು ಹಿಂದಿನ ತುಣುಕಿಗೆ ಅಂಟಿಸಬೇಕು. ಬಂದದ್ದು ವ್ಯಂಜನವಾಗಿದ್ದು, ಹಿಂದಿನ ತುಣುಕು ಹಲಂತದಲ್ಲಿ ನಿಂತಿದ್ದರೆ ಅದನ್ನೂ ಅಂಟಿಸಬೇಕು, ಅದೇ ಒತ್ತಕ್ಷರ. ಎರಡೂ ಅಲ್ಲವಾದರೆ ಹೊಸ ತುಣುಕು ಆರಂಭ. ಎಲ್ಲ ಮುಗಿದ ಮೇಲೆ ತುಣುಕುಗಳನ್ನು ತಿರುಗಿಸಬೇಕು, ತುಣುಕಿನ ಒಳಗೆ ಕೈ ಹಾಕಬಾರದು. ಯಲಬುರ್ಗಾದ ಮೇಲೆ ಪರೀಕ್ಷಿಸಿದೆವು: ಯ, ಲ, ಬು, ರ್ಗಾ. ನಾಲ್ಕು! ನಾಲ್ಕು ಸಾಲಿನ ಪ್ರೋಗ್ರಾಂ ಹದಿನೈದು ಸಾಲಾಯಿತು. ಮಗಳು ಫೋನಿನಲ್ಲಿ ಎರಡು ತಪ್ಪು ತಿದ್ದಿದಳು.

ಮುಂದಿನ ಶನಿವಾರ ಕಂಪ್ಯೂಟರ್ ಹಚ್ಚುವ ಮೊದಲು ಕರಿಹಲಗೆಯ ಮೇಲೆ ಏಳು ಸಂಖ್ಯೆ ಬರೆದೆ, ಕೆಳಗೆ ಐದು ಚೌಕ ಬರೆದೆ. ಹೋದ ವಾರ ಈಕೆ ಹೇಳಿದ್ದು ಸರಿ ಇತ್ತು, ನಾನು ಹೇಳಿದ್ದು ತಪ್ಪು ಎಂದೆ. ಮಾಸ್ತರಿಕೆಯಲ್ಲಿ ಇಷ್ಟು ವರ್ಷ ಕಳೆದರೂ ಆ ಮಾತು ಗಂಟಲಿನಿಂದ ಸಲೀಸಾಗಿ ಬರಲಿಲ್ಲ. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಸಂತೋಷಪಟ್ಟಾಳೆಂದು ಕಾದಿದ್ದೆ. ಅವಳು ಎದ್ದು ನಿಂತು ಕೇಳಿದ್ದು ಬೇರೆ.

‘ಸರ್, ಹಂಗಾದ್ರ ಅವ್ವನ ಹೆಸರೂ ಹಿಂಗ ಹರದಿತ್ತೇನ್ರಿ?’

ಆಮೇಲೆ ಕಥೆ ತಿಳಿಯಿತು. ಅವಳ ಊರು ಕುಷ್ಟಗಿ ಕಡೆಯದು. ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾಳೆ. ಹಿಂದಿನ ವರ್ಷ ಯಾವುದೋ ಒಂದು ಕಾಗದಕ್ಕೆ ಅರ್ಜಿ ಹಾಕಿದ್ದರು. ಬಂದ ಕಾಗದದಲ್ಲಿ ತಾಯಿಯ ಹೆಸರಿನ ಕೊನೆಯ ‘ಮ್ಮ’ ಹೋಗಿ ಬರೀ ‘ಮ್’ ಉಳಿದಿತ್ತು. ಬೇರೆ ದಾಖಲೆಗಳಿಗೆ ಹೋಲಿಕೆಯಾಗುವುದಿಲ್ಲ ಎಂದು ಇನ್ನೊಂದು ಕಡೆ ವಾಪಸು ಕಳಿಸಿದರು. ತಿದ್ದಿಸಲು ತಂದೆ ಮೂರು ಸಲ ಅಲೆದ. ಎರಡು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಪ್ರತಿ ಸಲವೂ ಅಲ್ಲಿ ಹೇಳಿದ್ದು ಒಂದೇ ಮಾತು: ‘ಕಂಪ್ಯೂಟರ್‌ನಾಗ ಹಂಗ ಐತಿ. ಕಂಪ್ಯೂಟರ್ ತಪ್ಪು ಮಾಡ್ತೈತೇನು?’

ನನ್ನ ‘ಮಷಿನ್ ಸುಳ್ಳು ಹೇಳೂದಿಲ್ಲವ್ವಾ’ ಎಂಬ ಮಾತು ಆ ಮಗುವಿನ ಕಿವಿಗೆ ಹೇಗೆ ಕೇಳಿಸಿರಬೇಕು ಎಂದು ನನಗೆ ಅರ್ಥವಾದದ್ದು ಆಗ.

ಆ ಕಾಗದವನ್ನು ಯಾವ ಪ್ರೋಗ್ರಾಂ ಅಚ್ಚು ಹಾಕಿತೋ ನಾನು ನೋಡಿದವನಲ್ಲ. ಆದರೆ ಹೀಗಾಗುವ ಬಗೆಯನ್ನು ಮಕ್ಕಳ ಮುಂದೆ ಮಾಡಿ ತೋರಿಸಬಲ್ಲವನಾಗಿದ್ದೆ. ಹೆಸರಿಗೆ ಇಷ್ಟೇ ಮನೆ ಎಂದು ಯಾರೋ ಗೊತ್ತು ಮಾಡುತ್ತಾರೆ. ಎಣಿಕೆ ಇಟ್ಟಿಗೆಗಳ ಲೆಕ್ಕದಲ್ಲಿ ನಡೆಯುತ್ತದೆ. ‘ಶಾಂತಮ್ಮ’ ಎಂಬ ಹೆಸರು ನಮಗೆ ಮೂರಕ್ಷರ, ಗಣಕಕ್ಕೆ 7. ಆರು ಮನೆಯೊಳಗೆ ಕೂಡಿಸಿ ಎಂದರೆ ಏಳನೆಯದು ಹೊರಗುಳಿಯುತ್ತದೆ. ಪರದೆಯ ಮೇಲೆ ಬಂತು: ‘ಶಾಂತಮ್’. ತರಗತಿ ಒಮ್ಮೆಗೇ ಸುಮ್ಮನಾಯಿತು. ನಮ್ಮ ಸೀಮೆಯಲ್ಲಿ ತಾಯಂದಿರ ಹೆಸರು ಅರ್ಧಕ್ಕರ್ಧ ‘ಮ್ಮ’, ‘ವ್ವ’ಗಳಲ್ಲಿಯೇ ಮುಗಿಯುತ್ತವೆ. ಕತ್ತರಿ ಬಿದ್ದರೆ ಬೀಳುವುದು ಅಲ್ಲಿಯೇ. ಹೊಸ ಪ್ರೋಗ್ರಾಮಿನಲ್ಲಿ ತುಣುಕುಗಳ ಲೆಕ್ಕದಲ್ಲಿ ಕತ್ತರಿಸಿದೆವು. ಜಾಗ ಸಾಲದಿದ್ದರೆ ಅಕ್ಷರ ಪೂರ್ತಿ ಹೋಗುತ್ತದೆ, ಇಲ್ಲವೇ ಪೂರ್ತಿ ಉಳಿಯುತ್ತದೆ, ಅರ್ಧ ಹರಿಯುವುದಿಲ್ಲ. ‘ಹೆಸರಿಗೆ ಜಾಗ ಹೆಚ್ಚಿಗಿ ಇಟ್ರ ಆಗೂದಿಲ್ಲೇನ್ರಿ?’ ಎಂದು ಒಬ್ಬ ಹುಡುಗ ಕೇಳಿದ. ಎಲ್ಲಕ್ಕಿಂತ ಒಳ್ಳೆಯ ಪರಿಹಾರ ಅದೇ ಎಂದೆ.

ಆಮೇಲೆ ವಿಕಟಕವಿಯನ್ನು ಹುಡುಗಿಯ ಕೈಯಿಂದಲೇ ಒತ್ತಿಸಿದೆ. ‘ಹೌದು’ ಎಂದಿತು. ಕಿಟಕಿ, ‘ಹೌದು’. ತಾತ, ‘ಅಲ್ಲ’. ಚಪ್ಪಾಳೆ ಬಿತ್ತು. ಅಷ್ಟಕ್ಕೇ ಸುಮ್ಮನಾಗುವ ಮಕ್ಕಳೇ? ಯಾರೋ ‘ರಾಜ್‌ಕುಮಾರ್’ ಹಾಕು ಎಂದರು. ರಾ, ಜ್, ಕು, ಮಾ, ರ್, ಐದು ತುಣುಕು ಬರಬೇಕು. ಗಣಕ ಆರು ಎಂದಿತು! ಒಂದು ತುಣುಕು ಎಲ್ಲಿಂದ ಬಂತು? ಗುರುತುಗಳನ್ನು ಒಂದೊಂದಾಗಿ ಎಣಿಸಿದರೆ ನಮ್ಮ ಕಣ್ಣಿಗೆ ಕಾಣುವವು 10. ಗಣಕ 11 ಎನ್ನುತ್ತಿತ್ತು. ಜ ಮತ್ತು ಕ ಒಂದಕ್ಕೊಂದು ಬೆಸೆದು ಒತ್ತಕ್ಷರವಾಗದಿರಲಿ ಎಂದು ನಡುವೆ ಒಂದು ಕೀಲಿ ಒತ್ತಿರುತ್ತೇವೆ. ಅದು ಪರದೆಯ ಮೇಲೆ ಕಾಣುವುದಿಲ್ಲ, ಜಾಗವನ್ನೂ ಹಿಡಿಯುವುದಿಲ್ಲ. ಆದರೂ ಸರದಲ್ಲಿ ಅದೊಂದು ಮಣಿಯೇ. ನಮ್ಮ ನಿಯಮದ ಪಟ್ಟಿಯಲ್ಲಿ ಅದನ್ನು ಸೇರಿಸಿದ ಮೇಲೆ ಐದು ಬಂತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಂಡಿತರು, ‘ಛಂದಸ್ಸಿನಾಗ ಪ್ರಸ್ತಾರ ಹಾಕಿದ್ರ ಮೂರಾ ಬರ್ತಾವು’ ಎಂದರು: ರಾಜ್, ಕು, ಮಾರ್. ಪದ್ಯದಲ್ಲಿ ಸ್ವರವಿಲ್ಲದ ವ್ಯಂಜನವನ್ನು ಬೇರೆಯಾಗಿ ಎಣಿಸುವುದಿಲ್ಲ, ಹಿಂದಿನದಕ್ಕೆ ಸೇರಿಸಿ ಗುರು ಎನ್ನುತ್ತಾರೆ. ಒಂದೇ ಹೆಸರಿಗೆ 11, 5, 3 ಎಂದು ಮೂರು ಉತ್ತರ. ಮೂರನ್ನೂ ಕರಿಹಲಗೆಯ ಮೇಲೆ ಬರೆದು ಪಕ್ಕದಲ್ಲಿ ಏಕಮಾನ ಬರೆದೆವು: ಗುರುತು, ತುಣುಕು, ಛಂದಸ್ಸಿನ ಅಕ್ಷರ.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಗವಿಮಠದ ಬೆಟ್ಟ ಹತ್ತಿದೆ. ನಮ್ಮ ಕೊಪ್ಪಳದ ಭಾಗ್ಯ ನೋಡಿ: ಅಶೋಕನ ಕಾಲದ ಶಾಸನಗಳು ಇಲ್ಲಿ ಎರಡಿವೆ, ಗವಿಮಠದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಕ್ರಿಸ್ತಪೂರ್ವ 3ನೆಯ ಶತಮಾನದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕನ್ನಡ ಲಿಪಿಯ ಮೂಲ ಅದೇ. ಬಂಡೆಯ ಮೇಲಿನ ಅಕ್ಷರಗಳನ್ನು ಓದಲು ನಮಗೆ ಯಾರಿಗೂ ಬರುವುದಿಲ್ಲ. ಆದರೆ ಬ್ರಾಹ್ಮಿ ವರ್ಣಮಾಲೆಯ ಒಂದು ಚಿತ್ರಪಟ ನನ್ನ ಕೈಯಲ್ಲಿತ್ತು. ಅದರಲ್ಲಿ ಕಕಾರ ಕೂಡಿಸುವ ಗುರುತಿನಂತೆ ಬರೀ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಟಕಾರ ಬಲಗಡೆ ಬಾಯಿ ತೆರೆದ ಅರ್ಧ ವೃತ್ತ. ವಕಾರ ಒಂದು ಪುಟ್ಟ ವೃತ್ತ, ಅದರ ತಲೆಯ ಮೇಲೆ ನೆಟ್ಟಗೆ ಒಂದು ಗೆರೆ. ಅದಕ್ಕೆ ಇಕಾರ ಬೇಕಾದರೆ ಮೇಲ್ಗಡೆ ಬಲಕ್ಕೆ ಚಿಕ್ಕ ಗೆರೆಯೊಂದನ್ನು ಅಂಟಿಸಿದರೆ ಆಯಿತು. ಗುಡಿಸಿನ ಅಜ್ಜ ಅಲ್ಲಿದ್ದ. ವ್ಯಂಜನವನ್ನು ಬಿಟ್ಟು ಒಂಟಿಯಾಗಿ ನಿಲ್ಲದ ಅವನ ಗುಣ ಎರಡು ಸಾವಿರ ವರ್ಷಕ್ಕೂ ಹಳೆಯದು. ನಮ್ಮ ನಾಲ್ಕು ಸಾಲಿನ ಪ್ರೋಗ್ರಾಂ ಎಡವಿದ್ದು ಅವನನ್ನೇ.

ಬ್ರಾಹ್ಮಿ ಲಿಪಿಗೂ ಯೂನಿಕೋಡಿನಲ್ಲಿ 2010ರಲ್ಲಿ ಜಾಗ ಸಿಕ್ಕಿದೆ ಎಂದು ಮಕ್ಕಳಿಗೆ ಹೇಳಿದೆ. ಅಲ್ಲಿಯೂ ಇಕಾರದ ಗುರುತಿಗೆ ಬೇರೆಯದೇ ಸಂಖ್ಯೆ. ‘ಹಂಗಾದ್ರ ಅಶೋಕನ ಕಾಲದ ಅಕ್ಷರದಾಗ ಬರದ್ರೂ ಕಂಪ್ಯೂಟರ್‌ಗೆ ಏಳಾ ಏನ್ರಿ?’ ಎಂದಳು ಹುಡುಗಿ. ಏಳೇ ಎಂದೆ.

ಇಳಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಶಾಸನವನ್ನು ಮುಟ್ಟಬೇಡಿ ಎಂದು ಎಚ್ಚರಿಸಿ, ಮಕ್ಕಳನ್ನು ಮುಂದೆ ಕಳಿಸಿ, ಹಿಂದಿನಿಂದ ನಿಧಾನವಾಗಿ ಬಂದೆ. ಬೆಟ್ಟದ ಕೆಳಗೆ ಮಣ್ಣಿನ ಮೇಲೆ ಅವರೆಲ್ಲ ಗುಂಪಾಗಿ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಹುಡುಗಿ ಕಡ್ಡಿಯಿಂದ ಬ್ರಾಹ್ಮಿಯಲ್ಲಿ ವಿಕಟಕವಿ ಬರೆದಿದ್ದಳು: ಗೆರೆ ಹೊತ್ತ ವೃತ್ತ, ಕೂಡಿಸುವ ಗುರುತು, ಬಾಯಿ ತೆರೆದ ಅರ್ಧ ವೃತ್ತ, ಮತ್ತೆ ಕೂಡಿಸುವ ಗುರುತು, ಮತ್ತೆ ಗೆರೆ ಹೊತ್ತ ವೃತ್ತ. ಒಂದೊಂದರ ಸುತ್ತಲೂ ಒಂದೊಂದು ಚೌಕ ಎಳೆದಿದ್ದಳು. ನಾನು ಕೇಳುವ ಮೊದಲೇ ‘ಐದರಿ ಸರ್’ ಎಂದಳು.